ಮುಚ್ಚದ ಟ್ರೇ, ಬಿಚ್ಚದ ಐಎಸ್‌ಒ

‘ಈ ಕಾಲದಲ್ಲೂ ಸೀಡಿ ಯಾಕ್ರೀ’ ಎಂದು ನಗುವವರ ಬಳಗದಲ್ಲೂ ಹಳೆ ಕಾರಿನ ಮಾವ ಒಬ್ಬರು ಇದ್ದೇ ಇರುತ್ತಾರೆ. ಆ ಕಾರಿನ ಪ್ಲೇಯರ್‌ಗೆ ಯುಎಸ್‌ಬಿ ತೂತಿಲ್ಲ, ಬ್ಲೂಟೂತ್ ಇಲ್ಲ. ಯಕ್ಷಗಾನದ ಪದ ಕೇಳದೆ ಘಾಟಿ ಹತ್ತುವ ಅಭ್ಯಾಸ ಮಾವನಿಗೂ ಇಲ್ಲ. ‘ನಿನ್ ಕಂಪ್ಯೂಟರಲ್ಲಿ ಒಂದ್ ಸೀಡಿ ಮಾಡ್ಕೊಡೋ’ ಎಂದು ಫೋನ್ ಬರುತ್ತದೆ. ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಆದರೆ ಅಲ್ಲಿಂದ ಸೀಡಿ ಬರೆಯುವ ಸಾಫ್ಟ್‌ವೇರ್‌ನ ಹುಡುಕಾಟ ಶುರು: ಕೆ3ಬಿಯೋ, ಬ್ರಸೇರೋನೋ, ಎಕ್ಸ್‌ಎಫ್‌ಬರ್ನೋ?

ಸಂಬಂಧ ನೋಡುವವರ ಹಾಗೆ ಇಲ್ಲಿ ತಲೆಕೆಡಿಸಿಕೊಳ್ಳಬೇಕಿಲ್ಲ. ಮುಖಗಳು ಹಲವು, ಹಿಂದೆ ನಿಂತು ದುಡಿಯುವವರು ಕೆಲವರೇ. ಕೆ3ಬಿ ತಾನಾಗಿ ಏನೂ ಬರೆಯುವುದಿಲ್ಲ; ಸೀಡಿಗೆ ಸೀಡಿರೆಕಾರ್ಡ್ ಅಥವಾ ವೋಡಿಮ್, ಡೀವಿಡಿಗೆ ಗ್ರೋಐಸೋಎಫ್‌ಎಸ್ ಎಂಬ ಕಮಾಂಡುಗಳನ್ನು ಕರೆದು ಕೆಲಸ ಮಾಡಿಸುತ್ತದೆ. ಎಕ್ಸ್‌ಎಫ್‌ಬರ್ನ್ ನಂಬಿರುವುದು ಲಿಬ್‌ಬರ್ನ್ ಎಂಬ ಲೈಬ್ರರಿಯನ್ನು. ಬ್ರಸೇರೋ ಪ್ಲಗಿನ್ ನೋಡಿಕೊಂಡು ಎರಡೂ ಕಡೆ ಇರುತ್ತದೆ. ಹಾಗಾಗಿ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳ ಪೈಕಿ ಕೆಡಿಇ ಇದ್ದವರು ಕೆ3ಬಿ, ಗ್ನೋಮ್ ಇದ್ದವರು ಬ್ರಸೇರೋ, 2 ಜಿಬಿ ರ‍್ಯಾಮ್‌ನ ಮುದಿ ಲ್ಯಾಪ್‌ಟಾಪ್ ಇದ್ದವರು ಎಕ್ಸ್‌ಎಫ್‌ಬರ್ನ್ ಹಾಕಿಕೊಂಡರೆ ಮುಗಿಯಿತು. ಗ್ನೋಮ್ ಮೇಲೆ ಕೆ3ಬಿ ಹಾಕಹೊರಟರೆ ಅದು ಕೆಡಿಇಯ ಅರ್ಧ ಕುಟುಂಬವನ್ನೂ ಜತೆಗೆ ಕರೆತರುತ್ತದೆ. ಆದರೂ ಆಡಿಯೋ ಸೀಡಿಯನ್ನು ಅಚ್ಚುಕಟ್ಟಾಗಿ ಮಾಡಬೇಕೆಂದರೆ ಆ ನೆಂಟರನ್ನು ಸಹಿಸಿಕೊಳ್ಳಬಹುದು.

ವೋಡಿಮ್ ಎಂದರೆ ದಾಯಾದಿ ಜಗಳದ ಫಲ. ಸೀಡಿರೆಕಾರ್ಡ್ ಬರೆದ ಯೋರ್ಗ್ ಶಿಲ್ಲಿಂಗ್‌ಗೂ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರಿಗೂ ಲೈಸೆನ್ಸ್ ವಿಷಯದಲ್ಲಿ ತಕರಾರಾಗಿ, 2006ರಲ್ಲಿ ಡೆಬಿಯನ್ ಪಾಲು ತೆಗೆದುಕೊಂಡು ಬೇರೆಯಾಯಿತು. ಆ ಪಾಲಿನಲ್ಲಿ ಬಂದದ್ದೇ ವೋಡಿಮ್. ಡೆಬಿಯನ್, ಉಬುಂಟುಗಳಲ್ಲಿ ಸೀಡಿರೆಕಾರ್ಡ್ ಎಂದು ಕೂಗಿದರೆ ಓಗೊಡುವುದು ಇದೇ. ಸೀಡಿಗೆ ತೊಂದರೆಯಿಲ್ಲ. ಡೀವಿಡಿಗೆ ಇದನ್ನು ನೆಚ್ಚಬೇಡಿ, ಬ್ಲೂ-ರೇಗಂತೂ ಕೇಳಲೇಬೇಡಿ. ಟರ್ಮಿನಲ್ ಪ್ರಿಯರು ಈಗ ಹಿಡಿಯಬೇಕಾದ್ದು ಝೋರಿಸೋ. ಐಎಸ್‌ಒ (ಇಡೀ ಡಿಸ್ಕಿನ ಪಡಿಯಚ್ಚಾದ ಒಂದೇ ಫೈಲ್) ಕಟ್ಟುವುದು, ಬರೆಯುವುದು ಎರಡೂ ಅದರೊಳಗೇ ಇವೆ.

ಇನ್ನು ಫಜೀತಿಗಳು. ಅವುಗಳಲ್ಲಿ ಹಿರಿಯದು ಐಎಸ್‌ಒ ಫಜೀತಿ. ಇನ್‌ಸ್ಟಾಲ್ ಡಿಸ್ಕ್ ಬೇಕೆಂದು ಐಎಸ್‌ಒ ಇಳಿಸಿಕೊಂಡವರು ‘ನ್ಯೂ ಡೇಟಾ ಪ್ರಾಜೆಕ್ಟ್’ ತೆರೆದು ಆ ಫೈಲನ್ನು ಎಳೆದು ಹಾಕಿಬಿಡುತ್ತಾರೆ. ಡಿಸ್ಕ್ ಸರಿಯಾಗಿಯೇ ಬರೆಯಲ್ಪಡುತ್ತದೆ, ‘ಸಕ್ಸೆಸ್’ ಎಂದೂ ಬರುತ್ತದೆ, ಕಂಪ್ಯೂಟರ್ ಮಾತ್ರ ಅದರಿಂದ ಬೂಟ್ ಆಗುವುದಿಲ್ಲ. ತೆಂಗಿನಕಾಯಿಯನ್ನು ಒಡೆಯದೆ ಇಡಿಯಾಗಿ ಮಿಕ್ಸಿಗೆ ಹಾಕಿ ಚಟ್ನಿಗೆ ಕಾದ ಹಾಗೆ. ಡಿಸ್ಕ್ ತೆರೆದಾಗ ಒಳಗೆ ಒಂದೇ ಒಂದು ಐಎಸ್‌ಒ ಫೈಲ್ ಕಂಡರೆ ತಪ್ಪಾಗಿದೆ ಎಂದರ್ಥ. ಹಲವು ಫೋಲ್ಡರ್ ಕಂಡರೆ ಸರಿ. ‘ಬರ್ನ್ ಇಮೇಜ್’ ಎಂಬ ಆಯ್ಕೆ ಮೂರೂ ಸಾಫ್ಟ್‌ವೇರ್‌ನಲ್ಲಿದೆ, ಮೊದಲ ಪರದೆಯಲ್ಲೇ ಇದೆ. ಯಾರಿಗೂ ಕಾಣುವುದಿಲ್ಲ, ಅಷ್ಟೆ.

ಎರಡನೆಯದು ಲೆಕ್ಕದ್ದು. ‘ಡಿಸ್ಕ್ 700 ಎಂಬಿ, ಹಾಡು 600 ಎಂಬಿ, ಆದ್ರೂ ಹಿಡಿಸ್ತಿಲ್ವಂತೆ!’ ಆಡಿಯೋ ಸೀಡಿ ಎಂಬಿ ಎಣಿಸುವುದಿಲ್ಲ, ನಿಮಿಷ ಎಣಿಸುತ್ತದೆ. ಎಂಪಿ3 ಅನ್ನು ಬಿಡಿಸಿ ಬರೆಯುವುದರಿಂದ ಹಿಡಿಸುವುದು 80 ನಿಮಿಷ. ಅದೇ ಎಂಪಿ3ಗಳನ್ನು ಡೇಟಾ ಡಿಸ್ಕ್ ಆಗಿ ಬರೆದರೆ 128 ಕೆಬಿಪಿಎಸ್‌ನಲ್ಲಿ 12 ಗಂಟೆಗೂ ಮೇಲೆ ಬರುತ್ತದೆ. ಮಾವನ ಪ್ಲೇಯರ್ ಮೇಲೆ ‘ಎಂಪಿ3’ ಎಂದು ಅಚ್ಚಾಗಿದೆಯೇ ಎಂದು ಮೊದಲು ಕೇಳಿಕೊಳ್ಳಿ. ಇಲ್ಲದಿದ್ದರೆ ಆಡಿಯೋ ಸೀಡಿಯೇ ಗತಿ. ಆಗ ಕೆ3ಬಿ ‘ಈ ಎಂಪಿ3 ನನಗೆ ಅರ್ಥವಾಗಲಿಲ್ಲ’ ಎಂದರೆ ಉಬುಂಟು, ಡೆಬಿಯನ್‌ನಲ್ಲಿ ಅದರ ‘ಎಕ್ಸ್‌ಟ್ರಾಕೋಡೆಕ್ಸ್’ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಬ್ರಸೇರೋ ಮುನಿಸಿಕೊಂಡರೆ ಜಿಸ್ಟ್ರೀಮರ್ ಪ್ಲಗಿನ್ ಕಡೆ ನೋಡಿ.

ಇಡೀ ರಾತ್ರಿಯ ಪ್ರಸಂಗವನ್ನು ತುಂಡು ಮಾಡಿ ಹಾಕಿದರೆ ಇನ್ನೊಂದು ಕಾಟ. ಭಾಗವತರ ಆಲಾಪನೆ ಏರುತ್ತಿರುವಾಗಲೇ 2 ಸೆಕೆಂಡ್ ಮೌನ, ಆಮೇಲೆ ಚೆಂಡೆ. ಇದು ಟ್ರ್ಯಾಕ್‌ಗಳ ನಡುವೆ ತಾನಾಗಿ ಬೀಳುವ ಬಿಡುವು. ಕೆ3ಬಿಯಲ್ಲಿ ಬರೆಯುವ ಮೋಡ್ ಡಿಎಒ (ಇಡೀ ಡಿಸ್ಕನ್ನು ಒಂದೇ ಉಸಿರಿಗೆ ಬರೆಯುವುದು) ಇಟ್ಟು, ಪ್ರತಿ ಟ್ರ್ಯಾಕ್‌ನ ‘ಪೋಸ್ಟ್-ಗ್ಯಾಪ್’ ಸೊನ್ನೆ ಮಾಡಿದರೆ ಹೋಗುತ್ತದೆ. ಒಂದೊಂದೇ ಟ್ರ್ಯಾಕ್ ಬರೆಯುವ ಟಿಎಒ ಮೋಡ್‌ನಲ್ಲಿ ಲೇಸರ್ ಪ್ರತಿ ಟ್ರ್ಯಾಕ್ ಮುಗಿದಾಗಲೂ ನಿಂತು ಹೊರಡುವುದರಿಂದ ಅಲ್ಲಿ ಎಷ್ಟು ಬೇಡಿಕೊಂಡರೂ ಬಿಡುವು ತಪ್ಪದು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವ ಅಭಿಮಾನಿಗಳಿಗೆ ಜೋಲಿಯೆಟ್ (ಡಿಸ್ಕಿನಲ್ಲಿ ಫೈಲ್ ಹೆಸರು ಬರೆದಿಡುವ ಒಂದು ಪದ್ಧತಿ) ಎಂಬಾಕೆಯ ಕಿರುಕುಳ ಬೇರೆ. ವಿಂಡೋಸ್ ಓದುವುದು ಆಕೆ ಬರೆದಿಟ್ಟ ಹೆಸರುಗಳನ್ನೇ. ಮಿತಿ 64 ಅಕ್ಷರ. ಸಾಲದೇ ಎನ್ನಬೇಡಿ. ‘ಶ್ರೀಕೃಷ್ಣ’ ನಮ್ಮ ಕಣ್ಣಿಗೆ 3 ಅಕ್ಷರ. ಆಕೆ ಒತ್ತು, ದೀರ್ಘ, ವಟ್ರಸುಳಿ ಒಂದನ್ನೂ ಬಿಡದೆ 9 ಎಣಿಸುತ್ತಾಳೆ. ‘ಶ್ರೀಕೃಷ್ಣ ಸಂಧಾನ ಉಡುಪಿ ಬಯಲಾಟ ಪೂರ್ವಾರ್ಧ’ ಎಂಬಷ್ಟಕ್ಕೇ 37 ಆಯಿತು; ಮೊದಲಿಗೆ ಮೇಳದ, ಭಾಗವತರ ಹೆಸರನ್ನೆಲ್ಲ ಸೇರಿಸಿ 64 ದಾಟಿಸಿದರೆ ಬಾಲ ಕತ್ತರಿಸುತ್ತಾಳೆ, ಪೂರ್ವಾರ್ಧ ಉತ್ತರಾರ್ಧ ಎರಡೂ ಒಂದೇ ಥರ ಕಾಣುತ್ತವೆ. ಲಿನಕ್ಸ್‌ನಲ್ಲಿ ರಾಕ್ ರಿಡ್ಜ್ ಎಂಬ ಇನ್ನೊಂದು ಪದ್ಧತಿಯ ಹೆಸರು ಓದುವುದರಿಂದ ನಿಮಗೆ ಮಾತ್ರ ಎಲ್ಲ ಸರಿಯಿದ್ದಂತೆ ತೋರುತ್ತದೆ. ಕಾರಿನ ಪ್ಲೇಯರ್‌ಗೆ ಕನ್ನಡವೇ ಗೊತ್ತಿಲ್ಲದಿದ್ದರೆ ಪರದೆ ತುಂಬ ಚೌಕಗಳು. ಅಲ್ಲಿಗೆ ಇಂಗ್ಲಿಷ್ ಲಿಪಿಯಲ್ಲಿ, ಮೊದಲು 01, 02 ಹಾಕಿ, ಚಿಕ್ಕ ಹೆಸರಿಡುವುದೇ ಕ್ಷೇಮ.

ಮದುವೆ ವಿಡಿಯೋ 4 ಜಿಬಿ ದಾಟಿದ ಒಂದೇ ಫೈಲ್ ಆಗಿದ್ದರೆ ದೊಡ್ಡ ಫೈಲ್ ಹಿಡಿಸುವ ಯುಡಿಎಫ್ ಫೈಲ್ ವ್ಯವಸ್ಥೆ ಆರಿಸಿ, ಇಲ್ಲವೇ ಫೈಲನ್ನು ಎರಡು ಮಾಡಿ. 4.7 ಜಿಬಿ ಡೀವಿಡಿ ಎಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಸುಮಾರು 4.38 ಅಷ್ಟೇ. ಟೀವಿ ಕೆಳಗಿನ ಹಳೆ ಡೀವಿಡಿ ಪ್ಲೇಯರ್‌ಗೆ ಎಂಪಿ4 ಎಳೆದುಹಾಕಿದರೆ ಸಾಮಾನ್ಯವಾಗಿ ಅದು ಮೂಸಿಯೂ ನೋಡುವುದಿಲ್ಲ. ಡೀವಿಡಿಸ್ಟೈಲರ್ ಎಂಬ ಸಾಫ್ಟ್‌ವೇರ್‌ನಲ್ಲಿ ಪಾಲ್ (ಟೀವಿ ಪದ್ಧತಿ), 720x576 ಎಂದು ಕೊಟ್ಟು ಮೊದಲು ಪರಿವರ್ತಿಸಿಕೊಳ್ಳಬೇಕು.

‘ಡಿವೈಸ್ ಬ್ಯುಸಿ’ ಎಂದರೆ ಹಿಂದೆ ತೆರೆದಿಟ್ಟ ಫೈಲ್ ಮ್ಯಾನೇಜರ್ ಡಿಸ್ಕನ್ನು ಹಿಡಿದುಕೊಂಡು ಕೂತಿದೆ. ಅನ್‌ಮೌಂಟ್ ಮಾಡಿ, ಎಜೆಕ್ಟ್ ಬೇಡ. ಡ್ರೈವೇ ಕಾಣದಿದ್ದರೆ ನಿಮ್ಮ ಯೂಸರ್ ‘ಸೀಡಿರಾಮ್’ ಗುಂಪಿನಲ್ಲಿ ಇದ್ದಾರೆಯೇ ನೋಡಿ. ಸೇರಿಸಿದ ಮೇಲೆ ಲಾಗೌಟ್ ಆಗಿ ಬರಬೇಕು. ಹೊರಗಿನಿಂದ ಚುಚ್ಚುವ ಯುಎಸ್‌ಬಿ ಡ್ರೈವ್ ಅರ್ಧದಲ್ಲಿ ಕೈಕೊಟ್ಟರೆ ಸಾಫ್ಟ್‌ವೇರನ್ನು ಬೈಯುವ ಮೊದಲು ಪೋರ್ಟ್ ಬದಲಿಸಿ. ಯುಎಸ್‌ಬಿ 2 ಕೊಡುವುದು 500 ಮಿಲಿಆಂಪ್, ಬರೆಯುವ ಲೇಸರ್‌ಗೆ ಅದಕ್ಕಿಂತ ಹಸಿವು ಜಾಸ್ತಿ.

ಬರೆದಾದ ಮೇಲೆ ವೆರಿಫೈ ಬಿಡಬೇಡಿ. ಕೆ3ಬಿ ಬರೆದು ಮುಗಿಸಿ ಟ್ರೇ ಹೊರಹಾಕಿ, ಮತ್ತೆ ಒಳಗೆಳೆದು ಓದುತ್ತದೆ. ಡೆಸ್ಕ್‌ಟಾಪ್ ಡ್ರೈವ್‌ಗೆ ಒಳಗೆಳೆಯುವ ಮೋಟಾರ್ ಇದೆ, ಲ್ಯಾಪ್‌ಟಾಪಿನ ತೆಳು ಡ್ರೈವ್‌ಗೆ ಇಲ್ಲ. ನೀವು ಕಾಫಿಗೆ ಹೋಗಿ ಬರುವವರೆಗೂ ಟ್ರೇ ನಾಲಿಗೆ ಚಾಚಿಕೊಂಡು, ಸಾಫ್ಟ್‌ವೇರ್ ಬಾಯಿ ಬಿಟ್ಟುಕೊಂಡು, ಯಾರಾದರೂ ತಳ್ಳಲಿ ಎಂದು ಕಾಯುತ್ತಿರುತ್ತವೆ. ಕೈಯಾರೆ ತಳ್ಳಿ. ಟರ್ಮಿನಲ್‌ನಲ್ಲಿ ಪರೀಕ್ಷಿಸುವವರು ಇಡೀ ಡಿಸ್ಕನ್ನು ಓದಿ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ತೆಗೆದರೆ ತಾಳೆಯಾಗದೇ ಇರಬಹುದು, ಏಕೆಂದರೆ ಟಿಎಒದಲ್ಲಿ ಬರೆದ ಸೀಡಿಯ ಕೊನೆಗೆ ಓದಲಾಗದ 2 ಬ್ಲಾಕ್ ಉಳಿದಿರುತ್ತವೆ. ಐಎಸ್‌ಒ ಗಾತ್ರವನ್ನು 2048ರಿಂದ ಭಾಗಿಸಿ, ಅಷ್ಟೇ ಬ್ಲಾಕ್ ಓದಲು ಡಿಡಿ ಎಂಬ ಕಮಾಂಡಿಗೆ ಹೇಳಿ. 1,46,80,06,400 ಬೈಟ್‌ನ ಇಮೇಜ್ ಆದರೆ 7,16,800 ಬ್ಲಾಕ್. ಆಗ ಹೊಂದದಿದ್ದರೆ ಮಾತ್ರ ಡಿಸ್ಕ್ ನಿಜವಾಗಿ ಕೆಟ್ಟಿದೆ. 16ಎಕ್ಸ್ ಡೀವಿಡಿಯನ್ನು 8ಎಕ್ಸ್‌ಗೆ ಇಳಿಸಿ ಇನ್ನೊಂದು ಬರೆಯಿರಿ.