ಕೈದಿಯ ಸಿಟ್ಟಿಗೆ ಸ್ವಭಾವದ ಪರೀಕ್ಷೆ ಬೇಕೇ?

ಪರ

ಕೈದಿಗಳ ಸ್ವಭಾವವನ್ನು ಪ್ರಶ್ನೆಪಟ್ಟಿ ಕೊಟ್ಟು ಅಳೆಯಬೇಕು ಅನ್ನುವುದು ವಾದ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಇಬ್ಬರು ಇದ್ದಾರೆಂದುಕೊಳ್ಳಿ. ಒಬ್ಬ ಸವದತ್ತಿ ಕಡೆಯ ರೈತ. ಕಾಲುವೆ ನೀರಿನ ಪಾಳಿ ಅವನದು. ಪಕ್ಕದ ಹೊಲದವನು ನಡುರಾತ್ರಿ ನೀರು ತಿರುವಿಕೊಂಡ. ಕಂಡದ್ದೇ ತಡ, ಕೈಯಲ್ಲಿದ್ದ ಸಲಿಕೆ ಬೀಸಿದ. ಆಮೇಲೆ ಬದುವಿನ ಮೇಲೆ ಕೂತು ತಾನೇ ಅತ್ತ. ಇನ್ನೊಬ್ಬ ಹದಿನೈದು ದಿನ ಕಾದ. ದಾರಿ ನೋಡಿಟ್ಟುಕೊಂಡ. ಹೊಟ್ಟೆ ತುಂಬ ಉಂಡು ಹೋಗಿ ಹೊಡೆದ.

ಕೋರ್ಟಿನ ಕಾಗದದಲ್ಲಿ ಎರಡೂ ಹಲ್ಲೆಯೇ. ಮನುಷ್ಯರು ಬೇರೆ ಬೇರೆ, ಅಲ್ವಾ?

ಬಸ್ ಮತ್ತು ಪೆರಿ ಎಂಬ ಮನಶ್ಶಾಸ್ತ್ರಜ್ಞರು 1992ರಲ್ಲಿ ಕೊಟ್ಟ, ತನಗೆ ಎಷ್ಟು ಹೊಂದುತ್ತದೆ ಅಂತ ಗುರುತು ಹಾಕುವ 29 ಹೇಳಿಕೆಗಳ ಪಟ್ಟಿ ಕೈ ಮಾಡುವುದು, ಬಾಯಿ ಮಾಡುವುದು, ಸಿಟ್ಟು, ಒಳಗಿನ ಹಗೆ ಇವನ್ನು ಬಿಡಿಬಿಡಿಯಾಗಿ ಅಳೆಯುತ್ತದೆ. ಹೊಂದಿಕೊಂಡು ಹೋಗುವ ಗುಣ ಕಡಿಮೆ ಇದ್ದವರು ಕೈ ಎತ್ತುವುದು ಜಾಸ್ತಿ. ಬೇಗ ಕಳವಳಪಡುವವರಲ್ಲಿ ಸಿಟ್ಟು, ಹಗೆ ಜಾಸ್ತಿ. ಇದು ಹಲವು ಅಧ್ಯಯನಗಳಲ್ಲಿ ಕಂಡದ್ದು. ರೈತನಿಗೆ ಸಿಟ್ಟು ತಡೆಯುವುದನ್ನು ಕಲಿಸಬಹುದು. ಎರಡನೆಯವನಿಗೆ ಅದನ್ನೇ ಕಲಿಸಿ ಏನು ಬಂತು? ಅವನು ಮೊದಲೇ ತಣ್ಣಗಿದ್ದಾನೆ.

ಜೈಲಿಗೆ ಹಾಕದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಮೂ ಅಪರಾಧಿಯ ಗುಣನಡತೆ ನೋಡು ಅನ್ನುತ್ತದೆ. ನೋಡುವುದೇ ಆದರೆ ಅಂದಾಜಿನಲ್ಲಿ ಯಾಕೆ?

ವಿರೋಧ

'ನಿನಗೆ ಸಿಟ್ಟು ಬರುತ್ತದಾ?' ಅಂತ ಕೇಳಿದರೆ ಪರೋಲ್ ಬೇಕಾದವನು ಏನು ಹೇಳುತ್ತಾನೆ? 'ಇಲ್ರೀ ಸಾಹೇಬ್ರ, ನಾ ಭಾಳ ಸಮಾಧಾನಿ.' ಕಾದು ಹೊಡೆದವನು ಇದನ್ನು ಕಣ್ಣು ಮಿಟುಕಿಸದೆ ಹೇಳುತ್ತಾನೆ. ಸಿಕ್ಕಿಬೀಳುವವನು ಸುಮ್ನೆ ನಿಜ ಹೇಳಿದ ರೈತ.

ಅಧ್ಯಯನಗಳು ಹೇಳುವುದು ನೂರಾರು ಜನರ ಸರಾಸರಿ. ಎದುರಿಗೆ ಕೂತ ಒಬ್ಬನು ನಾಳೆ ಏನು ಮಾಡುತ್ತಾನೆಂದು ಅದರಿಂದ ಗೊತ್ತಾಗುವುದಿಲ್ಲ. ಅಳೆಯುವುದಾದರೂ ಎಲ್ಲಿ? ಜೈಲಿನೊಳಗೆ. ಮನೆಯಿಂದ ಆರು ತಿಂಗಳು ಯಾರೂ ಬಂದಿಲ್ಲದವನ ಮೂಗಿನ ತುದಿಯ ಸಿಟ್ಟು ಸ್ವಭಾವವೋ, ಆ ದಿನದ್ದೋ?

ನನಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇದೆ. ನಮ್ಮ ಭಾಗ ಇದನ್ನು ಒಮ್ಮೆ ಕಂಡಿದೆ. ಬ್ರಿಟಿಷರು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದರು. ಆಮೇಲೆ ಅದು ಇಲ್ಲಿಗೂ ಬಂತು. ವಿಜಯಪುರದಲ್ಲಿ ಸೆಟ್ಲ್‌ಮೆಂಟ್, ಅಂದರೆ ಕಾವಲಿನ ವಸತಿ ಮಾಡಿ ಅಂಥವರನ್ನು ಇಟ್ಟರು. ದೇಶದಲ್ಲಿ ಆ ಕಾಯ್ದೆ ಹೋದದ್ದು 1952ರಲ್ಲಿ. ಆಗ ಜಾತಿ ನೋಡಿದರು, ಈಗ ಪರೀಕ್ಷೆಯ ಅಂಕ ನೋಡುತ್ತೇವೆ ಅಷ್ಟೇ. 'ಅಪಾಯದ ಮನುಷ್ಯ' ಅಂತ ಫೈಲಿನಲ್ಲಿ ಒಮ್ಮೆ ಬಿದ್ದರೆ ಯಾರು ಅಳಿಸುತ್ತಾರೆ?

ಅಂದಹಾಗೆ, ಆ ರೈತನ ಹೊಲ ಕಾಲುವೆಯ ಕೊನೆಯಲ್ಲಿದ್ದಿರಬಹುದು. ನೀರು ಬರದೆ ಜೋಳ ಒಣಗುತ್ತಿದ್ದಿರಬಹುದು. ಆ 29ರಲ್ಲಿ ನೀರಿನ ಮಾತೇ ಇಲ್ಲ.