ನೆಲ ರಿಪೇರಿಗೂ ಅನುದಾನ ಬೇಕು

ಕಳೆದ ವಾರ ನಮ್ಮ ವಿಶ್ವವಿದ್ಯಾಲಯದ ಸೀಡ್ ಗ್ರಾಂಟ್ ಸಭೆಯಲ್ಲಿ ಕೂತಿದ್ದೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಇದು ಹೊರಗಿನ ಸಂಸ್ಥೆ ಕೊಡುವ ದುಡ್ಡಲ್ಲ. ವಿಶ್ವವಿದ್ಯಾಲಯ ತನ್ನ ಬಜೆಟ್‌ನಲ್ಲೇ ಒಂದಿಷ್ಟು ಎತ್ತಿಟ್ಟು, ತನ್ನ ಅಧ್ಯಾಪಕರ ಸಂಶೋಧನೆಗೆ, ಬರವಣಿಗೆಗೆ, ಕಲೆಗೆ ಕೊಡುತ್ತದೆ. ಅರ್ಜಿ ಹಾಕುವವರೂ ನಮ್ಮವರೇ, ಓದುವವರೂ ನಮ್ಮವರೇ. ಮೊತ್ತ ಚಿಕ್ಕದು. ಆದರೆ ಅಲ್ಲಿಗೆ ಬಂದ ಒಂದು ಅರ್ಜಿ ಇನ್ನೂ ನನ್ನ ತಲೆಯಲ್ಲೇ ಇದೆ.

ನಾಟಕ ಕಲಿಸುವ ಅಧ್ಯಾಪಕಿಯೊಬ್ಬರದ್ದು ಅದು. ಅವರನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಕಿವಿ ಕೇಳಿಸದ ನಟರೂ ಕೇಳಿಸುವ ನಟರೂ ಒಟ್ಟಿಗೆ ಆಡುವ ಒಂದು ನಾಟಕ ಕಟ್ಟಬೇಕು ಅನ್ನುವುದು ಅವರ ಆಸೆ. ಕೇಳಿದ್ದು ಮೂರೇ. ಸನ್ನೆ ಭಾಷೆ ಬಲ್ಲ ಇಬ್ಬರಿಗೆ ಸಂಭಾವನೆ. ಸಂಜೆ ತಾಲೀಮಿಗೆ ಒಂದು ಕೋಣೆ. ಒಂದು ಸೆಮಿಸ್ಟರ್‌ಗೆ ಒಂದು ಪೇಪರ್ ಪಾಠದಿಂದ ಬಿಡುವು. 'ನಿರೀಕ್ಷಿತ ಫಲಿತಾಂಶ' ಅನ್ನುವ ಜಾಗದಲ್ಲಿ ಅವರು ಬರೆದದ್ದು ಇಷ್ಟು: "ಕ್ಯೂ ಕೇಳಿಸದ ನಟನಿಗೆ ಕ್ಯೂ ಕೊಡುವುದು ಹೇಗೆ ಅಂತ ನನಗಿನ್ನೂ ಗೊತ್ತಿಲ್ಲ. ತಾಲೀಮಿನಲ್ಲೇ ಕಂಡುಕೊಳ್ಳಬೇಕು." ಕ್ಯೂ ಅಂದರೆ ನಟ ತನ್ನ ಮಾತು ಶುರು ಮಾಡಲು ಸಿಗುವ ಸೂಚನೆ.

"ಇದರ ಔಟ್‌ಪುಟ್ ಏನು?" ಅಂದರು ಒಬ್ಬರು. "ಮೊದಲು ಸಣ್ಣದಾಗಿ ಏನಾದರೂ ಮಾಡಿ ತೋರಿಸಿದ್ದಾರಾ?" ಅಂದರು ಇನ್ನೊಬ್ಬರು. ಅರ್ಜಿ ಪಕ್ಕಕ್ಕೆ ಸರಿಯಿತು. ನನಗೆ ಸಂಕಟವಾಯಿತು. ಗೊತ್ತಿಲ್ಲ ಅಂತ ಪ್ರಾಮಾಣಿಕವಾಗಿ ಬರೆದದ್ದೇ ಅವರಿಗೆ ಮುಳುವಾಯಿತಲ್ಲ ಅಂತ. ಸೀಡ್ ಅಂದರೆ ಬೀಜ. ಬೀಜ ಕೇಳಿದವರ ಹತ್ತಿರ ಮೊದಲು ಫಸಲು ತೋರಿಸಿ ಅಂದರೆ ಹೇಗೆ?

ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್ ಸಿಕ್ಕ ಕತೆ ಅವತ್ತು ಪದೇ ಪದೇ ನೆನಪಾಯಿತು. 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಂದಾಗ ಅವರಿಗೆ 29 ವರ್ಷ. ಡಾಕ್ಟರಿಕೆ ಸರಿಯಾಗಿ ನಡೆಯುತ್ತಿರಲಿಲ್ಲ. ಸಂಶೋಧನೆ ಮಾಡಿದ ಅನುಭವ ಇಲ್ಲವೇ ಇಲ್ಲ ಅನ್ನುವಷ್ಟು. ಕೈಯಲ್ಲಿದ್ದದ್ದು ಒಂದು ಆಲೋಚನೆ ಮಾತ್ರ. ಅಲ್ಲಿನ ಪ್ರಾಧ್ಯಾಪಕ ಮೆಕ್ಲೌಡ್ ಅವರಿಗೆ ಅದರ ಮೇಲೆ ದೊಡ್ಡ ನಂಬಿಕೆಯೇನೂ ಹುಟ್ಟಲಿಲ್ಲ. ಆದರೂ ಬೇಸಿಗೆಯ ಮಟ್ಟಿಗೆ ಒಂದು ಲ್ಯಾಬ್ ಬಿಟ್ಟುಕೊಟ್ಟರು. ಪ್ರಯೋಗಕ್ಕೆ 10 ನಾಯಿಗಳನ್ನು ಕೊಟ್ಟರು. ಸಹಾಯಕ್ಕೆ ಚಾರ್ಲ್ಸ್ ಬೆಸ್ಟ್ ಅನ್ನುವ ವಿದ್ಯಾರ್ಥಿಯನ್ನು ಹಾಕಿದರು. ಬ್ಯಾಂಟಿಂಗ್‌ಗೆ ಆಗ ಸಂಬಳವಿಲ್ಲ. ಶುರುವಿನಲ್ಲಿ ನಾಯಿಗಳು ಒಂದರ ಹಿಂದೆ ಒಂದು ಸತ್ತವು. ಆ ಹೊತ್ತಿಗೆ ಯಾವ ಕಮಿಟಿಯಾದರೂ ರಿಪೋರ್ಟ್ ಕೇಳಿದ್ದರೆ ಬರೆಯಲು ಏನಿತ್ತು ಹೇಳಿ?

ನನಗೆ ತುಂಬ ಇಷ್ಟವಾದ ಭಾಗ ಮುಂದೆ ಬರುತ್ತದೆ. ಬೇಸಿಗೆ ಮುಗಿಸಿ ಮೆಕ್ಲೌಡ್ ಊರಿಂದ ವಾಪಸ್ ಬಂದಾಗ ಬ್ಯಾಂಟಿಂಗ್ ತಮ್ಮ ಬೇಡಿಕೆಗಳನ್ನು ಮುಂದಿಟ್ಟರು. ಸಂಬಳ ಬೇಕು. ಕೆಲಸ ಮಾಡಲು ಒಂದು ಕೋಣೆ ಬೇಕು. ನಾಯಿ ನೋಡಿಕೊಳ್ಳಲು ಒಬ್ಬ ಹುಡುಗ ಬೇಕು. ಆಪರೇಷನ್ ಕೋಣೆಯ ನೆಲ ರಿಪೇರಿ ಆಗಬೇಕು. ಜೋರು ಮಾತು ನಡೆಯಿತು. ಕೊನೆಗೆ ಮೆಕ್ಲೌಡ್ ಒಪ್ಪಿದರು. 1922ರ ಜನವರಿಯಲ್ಲಿ ಸಕ್ಕರೆ ಕಾಯಿಲೆಯ 14 ವರ್ಷದ ಹುಡುಗನಿಗೆ ಇಂಜೆಕ್ಷನ್ ಕೊಟ್ಟರು. ಮೊದಲ ಸಲ ಸರಿಹೋಗಲಿಲ್ಲ. ತಂಡ ಸೇರಿದ ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಔಷಧವನ್ನು ಇನ್ನಷ್ಟು ಶುದ್ಧ ಮಾಡಿಕೊಟ್ಟ ಮೇಲೆ, ಅದೇ ತಿಂಗಳಲ್ಲಿ ಎರಡನೇ ಸಲ ಕೊಟ್ಟಾಗ ಹುಡುಗ ಚೇತರಿಸಿಕೊಂಡ. 1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲೌಡ್ ಅವರಿಗೆ ನೊಬೆಲ್ ಬಂತು.

ಆ ಬೇಡಿಕೆಗಳನ್ನು ಇನ್ನೊಮ್ಮೆ ನೋಡಿ. ಕೋಣೆ, ಕೈಜೋಡಿಸಲು ಒಬ್ಬ ಆಳು, ಸ್ವಲ್ಪ ದುಡ್ಡು, ಒಂದು ನೆಲ. ನಾಟಕದ ಅಧ್ಯಾಪಕಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ?

ಹೊರಗಿನ ಸಂಸ್ಥೆಗಳಿಗೆ ಅರ್ಜಿ ಹಾಕಲಿ ಅನ್ನುವವರಿದ್ದಾರೆ. ಹಾಕಬೇಕು, ಸರಿ. ಆದರೆ ಅಲ್ಲಿನ ಲೆಕ್ಕವೇ ಬೇರೆ. ಆಸ್ಟ್ರೇಲಿಯಾದಲ್ಲಿ 2012ರ ಒಂದೇ ಸುತ್ತಿನ ವೈದ್ಯಕೀಯ ಸಂಶೋಧನಾ ಅನುದಾನಕ್ಕೆ 3,727 ಅರ್ಜಿ ಬಂದಿದ್ದವು. ಅವನ್ನು ಬರೆಯಲು ಸಂಶೋಧಕರು ಕಳೆದ ಸಮಯ ಒಟ್ಟು ಸೇರಿಸಿದರೆ ಸುಮಾರು 550 ವರ್ಷದ ದುಡಿಮೆ ಅಂತ ಅಂದಾಜು ಮಾಡಿದ್ದಾರೆ. ಐದರಲ್ಲಿ ನಾಲ್ಕು ಅರ್ಜಿಗೆ ಸಿಕ್ಕಿದ್ದು ಸೊನ್ನೆ. ಮೊದಲ ಅನುದಾನ ಸಿಕ್ಕವರಿಗೆ ಮುಂದಿನದೂ ಸಲೀಸಾಗುತ್ತದೆ ಅನ್ನುವುದೂ ಸುಮ್ನೆ ಹೇಳುವ ಮಾತಲ್ಲ. ನೆದರ್‌ಲೆಂಡ್ಸ್‌ನ ಯುವ ಸಂಶೋಧಕರ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಆಯ್ಕೆಯ ಗೆರೆಗಿಂತ ಕೂದಲೆಳೆಯಷ್ಟು ಮೇಲಿದ್ದವರು, ಅಷ್ಟೇ ಕೆಳಗಿದ್ದವರಿಗಿಂತ ಮುಂದಿನ 8 ವರ್ಷದಲ್ಲಿ ಎರಡು ಪಟ್ಟಿಗೂ ಜಾಸ್ತಿ ಅನುದಾನ ಪಡೆದಿದ್ದರು. ಹೊರಗಿನ ದುಡ್ಡು ತರಲಾಗಲಿಲ್ಲ ಅಂತ ಎಂಆರ್‌ಎನ್‌ಎ ಸಂಶೋಧಕಿ ಕಾಟಲಿನ್ ಕರಿಕೊ ಅವರಿಗೆ 1995ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹಿಂಬಡ್ತಿ ಆಯಿತು. ಮುಂದೆ ಕೋವಿಡ್ ಲಸಿಕೆಗೆ ದಾರಿ ಮಾಡಿದ ಅದೇ ಎಂಆರ್‌ಎನ್‌ಎ ಕೆಲಸಕ್ಕೆ 2023ರಲ್ಲಿ ನೊಬೆಲ್ ಬಂತು.

ಹೊರಗಿನವರ ಮುಂದೆ ಇರುವುದು ಕಾಗದ ಮಾತ್ರ. ನಮಗೆ ಮನುಷ್ಯರೇ ಗೊತ್ತು. ಯಾರು ಹತ್ತು ವರ್ಷದಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ, ಯಾರ ಬಾಗಿಲಲ್ಲಿ ಸಂಜೆ ಆರರ ಮೇಲೂ ವಿದ್ಯಾರ್ಥಿಗಳು ನಿಂತಿರುತ್ತಾರೆ, ಇದೆಲ್ಲ ನಮ್ಮ ಕಣ್ಣ ಮುಂದೆಯೇ ಇದೆ. ಒಳಗಿನ ಅನುದಾನದ ಬಲ ಇರುವುದೇ ಅಲ್ಲಿ. ಹಾಗೆ ನೋಡಿದರೆ ಪರಿಚಯ ಅನ್ನುವುದು ಪಕ್ಷಪಾತಕ್ಕೂ ದಾರಿ, ಒಪ್ಪುತ್ತೇನೆ. ಅದಕ್ಕೂ ಉಪಾಯ ಇದೆ. ಕಮಿಟಿ ಪ್ರತಿ ವರ್ಷ ಬದಲಾಗಲಿ. ಹೋದ ವರ್ಷ ಪಡೆದವರು ಈ ವರ್ಷ ಹಾಕದಿರಲಿ. ಬ್ರಿಟಿಷ್ ಅಕಾಡೆಮಿ 2022ರಿಂದ ತನ್ನ ಸಣ್ಣ ಅನುದಾನಗಳಿಗೆ ಗುಣಮಟ್ಟದ ಗೆರೆ ದಾಟಿದ ಅರ್ಜಿಗಳ ನಡುವೆ ಚೀಟಿ ಎತ್ತುವ ಪ್ರಯೋಗ ಮಾಡಿತು. ನಮ್ಮಲ್ಲೂ ಮಾಡಬಹುದು.

ನನಗೂ ಒಮ್ಮೆ ಇಂಥ ಅನುದಾನ ಸಿಕ್ಕಿತ್ತು. ದೂರದ ಒಂದು ಪತ್ರಾಗಾರಕ್ಕೆ ಹೋಗಿ ಆರು ದಿನ ಕೂರುವಷ್ಟು ದುಡ್ಡು, ಅಷ್ಟೇ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಐದು ದಿನ ಬೇಕಾದದ್ದು ಏನೂ ಸಿಗಲಿಲ್ಲ. ಆರನೇ ದಿನ ಮಧ್ಯಾಹ್ನ ಒಂದು ಲೆಕ್ಕದ ಪುಸ್ತಕ ತೆರೆದೆ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಯಾರೋ ಲೆಕ್ಕ ತಿದ್ದಿದ್ದರು. ನನ್ನ ಪುಸ್ತಕದ ಮೂರನೇ ಅಧ್ಯಾಯ ಹುಟ್ಟಿದ್ದು ಆ ಅಂಚಿನಿಂದ. ನಾಲ್ಕು ದಿನಕ್ಕೆ ಸಾಕು ಅಂತ ಮೊತ್ತ ಕತ್ತರಿಸಿದ್ದರೆ ನಾನು ಆ ಪುಟಕ್ಕೆ ತಲುಪುತ್ತಲೇ ಇರಲಿಲ್ಲ.

ದುಡ್ಡಿಗಿಂತ ದೊಡ್ಡ ವಿಷಯ ಬಿಡುವು. ಕಾದಂಬರಿ ಬರೆಯುವ, ಚಿತ್ರ ಬಿಡಿಸುವ, ಅನುವಾದ ಮಾಡುವ ಅಧ್ಯಾಪಕರಿಗೆ ದುಬಾರಿ ಯಂತ್ರ ಬೇಡ. ಬೆಳಗಿನ ಹೊತ್ತು ಬೇಕು. ಅವರ ಒಂದು ಪೇಪರ್ ಪಾಠವನ್ನು ಬೇರೆಯವರಿಗೆ ವಹಿಸಿ, ಆ ಪಾಠ ಮಾಡುವವರಿಗೆ ನ್ಯಾಯವಾಗಿ ಸಂಬಳ ಕೊಡಿ. ಅದೂ ಸಂಶೋಧನೆಯ ಖರ್ಚೇ. ಇನ್ನೊಂದು, ಹಣಕಾಸು ವರ್ಷ ಮುಗಿಯುವುದರೊಳಗೆ ಖರ್ಚು ಮಾಡದಿದ್ದರೆ ದುಡ್ಡು ವಾಪಸ್ ಅನ್ನುವ ನಿಯಮ. ಇದರಿಂದ ಕೊನೆಯ ತಿಂಗಳು ಬೇಡದ ಪ್ರಿಂಟರ್ ಬರುತ್ತದೆ, ಬೇಕಾದ ತಾಲೀಮು ನಿಲ್ಲುತ್ತದೆ. ಲೆಕ್ಕ ಕೇಳಿ, ಖಂಡಿತ ಕೇಳಿ. ಬಿಲ್ಲು ಕೇಳಿ. ಆದರೆ ಚಿಕ್ಕ ಮೊತ್ತಕ್ಕೆ ಎರಡು ಪುಟದ ಅರ್ಜಿ ಸಾಕು. ಕೊನೆಗೆ ಏನು ಮಾಡಿದೆವು, ಏನು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಒಂದು ಪುಟ ಬರೆಸಿಕೊಳ್ಳಿ. ಆಗದ್ದನ್ನೂ ಧೈರ್ಯವಾಗಿ ಬರೆಯುವಂತಿರಬೇಕು.

ಮುಂದಿನ ಸಭೆಗೆ ಇನ್ನೂ ಹತ್ತು ದಿನ ಇದೆ. ಪಕ್ಕಕ್ಕಿಟ್ಟ ಅರ್ಜಿಗಳನ್ನು ಮತ್ತೆ ಚರ್ಚೆಗೆ ತೆಗೆದುಕೊಳ್ಳಿ ಅಂತ ಅಧ್ಯಕ್ಷರಿಗೆ ಪತ್ರ ಬರೆದಿದ್ದೇನೆ. ಕಮಿಟಿಯ ಇನ್ನಿಬ್ಬರು ಸಹಿ ಹಾಕಿದ್ದಾರೆ. ಅದರಲ್ಲಿ ಒಬ್ಬರು ಔಟ್‌ಪುಟ್ ಏನು ಅಂತ ಕೇಳಿದವರೇ. ತಾಲೀಮಿಗೆ ಯಾವ ಕೋಣೆ ಸಂಜೆ ಖಾಲಿ ಇರುತ್ತದೆ ಅಂತ ಅವರೇ ಈಗ ವಿಚಾರಿಸುತ್ತಿದ್ದಾರೆ.