ಮುದ್ರೆಗಿಂತ ಮೊದಲು ಬಾಯಂಚು ಮತ್ತು ಬುಡ ನೋಡಬೇಕು

ಮಾರಾಟಕ್ಕಿರುವ ಕಡುಗೆಂಪು ಮೆರುಗಿನ (ಗಾಜಿನಂಥ ಲೇಪನದ) ಚೀನೀ ಹೂದಾನಿಯೊಂದನ್ನು, ತಳದಲ್ಲಿರುವ, ಚಕ್ರವರ್ತಿಯ ಆಳ್ವಿಕೆಯನ್ನು ಹೆಸರಿಸುವ ಆರು ಅಕ್ಷರಗಳ ಮುದ್ರೆಯನ್ನಷ್ಟೇ ನಂಬಿ, ಕಾಂಗ್‌ಶಿ ಚಕ್ರವರ್ತಿಯ ಕಾಲದ್ದೆಂದು (1662–1722) ಲೇಖನವೊಂದರಲ್ಲಿ ಹೇಳಲಾಗಿದೆ. ಈ ತೀರ್ಮಾನವನ್ನು ನಾನು ಒಪ್ಪಲಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಯಾರಾದ ಪಾತ್ರೆಗಳ ಮೇಲೂ ಕಾಂಗ್‌ಶಿ ಮುದ್ರೆಯನ್ನು ಧಾರಾಳವಾಗಿ ಬರೆಯಲಾಗುತ್ತಿತ್ತು. ಮೇಲಾಗಿ, 1705ರಿಂದ 1712ರವರೆಗೆ ಜಿಯಾಂಗ್‌ಶಿ ಪ್ರಾಂತ್ಯದ ಆಡಳಿತ ನಡೆಸಿದ ಲಾಂಗ್ ತಿಂಗ್‌ಜಿಯವರ ಹೆಸರಿನಿಂದ ಗುರುತಿಸಲಾಗುವ, ಕಾಂಗ್‌ಶಿ ಕಾಲದ ಇಂಥದೇ ಕಡುಗೆಂಪು ‘ಲಾಂಗ್‌ಯಾವ್’ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಮುದ್ರೆಯೇ ಇರುವುದಿಲ್ಲ.

ಈ ಕೆಂಪು ಬಣ್ಣ ತಾಮ್ರದಿಂದ ಬರುತ್ತದೆ. ಆವಿಗೆಯೊಳಗೆ ಆಮ್ಲಜನಕವನ್ನು ಕಡಿಮೆ ಮಾಡಿ ಅತಿಯಾದ ಶಾಖದಲ್ಲಿ ಸುಡುವಾಗ ಗಾಳಿ ತುಸು ಹೆಚ್ಚಾದರೂ ಬಣ್ಣ ಹಸಿರಿಗೆ ತಿರುಗುತ್ತದೆ; ಕರಗಿದ ಮೆರುಗು ಕೆಳಗಿಳಿಯುವುದರಿಂದ ಬಾಯಂಚಿನಲ್ಲಿ ತೆಳುವಾದ ಬಿಳಿಯ ಪಟ್ಟಿ ಉಳಿದು, ಬುಡದ ಬಳಿ ಕೆಂಪು ದಟ್ಟವಾಗುತ್ತದೆ. ಉತ್ತಮ ಲಾಂಗ್‌ಯಾವ್ ಪಾತ್ರೆಗಳಲ್ಲಿ ಹೀಗೆ ಇಳಿದ ಮೆರುಗು ಪಾದದಂಚಿಗೆ ಸರಿಯಾಗಿ ನಿಂತಿರುತ್ತದೆ, ಆ ಹಿಡಿತ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ನಂತರದ ಕಾಲದ ಅನೇಕ ಪಾತ್ರೆಗಳಲ್ಲಿ ಅದು ಪಾದವನ್ನು ದಾಟಿ ಹರಿದಿರುವುದರಿಂದ, ಉಜ್ಜಿ ಸವೆಸಿದ ಗುರುತು ಕಾಣುತ್ತದೆ. ಪಶ್ಚಿಮದ ಮನೆಗಳಲ್ಲಿ ಇಂಥ ಎಷ್ಟೋ ಹೂದಾನಿಗಳ ತಳಕ್ಕೆ ರಂಧ್ರ ಕೊರೆದು ದೀಪದ ಕಂಬವಾಗಿಸಿದ್ದೂ ಉಂಟು. ಅದು ಬೆಲೆಯನ್ನು ಬಹಳವಾಗಿ ಕುಗ್ಗಿಸುತ್ತದೆ.

ಲೇಖನದೊಂದಿಗಿರುವ ಚಿತ್ರದಲ್ಲಿ ಹೂದಾನಿಯ ಮುಂಭಾಗ ಮಾತ್ರ ಕಾಣುತ್ತದೆ. ಪಾದದಂಚು, ಒಳಬಾಯಿ ಮತ್ತು ತಳದ ಹತ್ತಿರದ ಚಿತ್ರಗಳನ್ನೂ, ಅದು ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬ ದಾಖಲೆಯನ್ನೂ ಮಾರಾಟಗಾರರಿಂದ ಪಡೆದು ಪ್ರಕಟಿಸಬೇಕೆಂದು ಲೇಖಕರಲ್ಲಿ ವಿನಂತಿಸುತ್ತೇನೆ.